ಮಾಳಿಗೆಯ ಮೇಲೊಂದು ಹವಾಮಾನ ಮಾಪಕ

ಇಳಕಲ್ಲಿನ ನೇಕಾರಿಕೆಯಲ್ಲಾಗಲಿ, ಬಾಗಲಕೋಟೆಯ ಹತ್ತಿ ವ್ಯಾಪಾರದಲ್ಲಾಗಲಿ ಗಾಳಿಯ ತೇವಾಂಶವೂ ಲಾಭನಷ್ಟದ ಒಂದು ಬಾಬ್ತು. ಗಂಜಿ ಹಾಕಿ ಬಯಲಲ್ಲಿ ಒಣಗಿಸಿದ ಹಾಸಿನ ಮೇಲೆ ಬಿದ್ದ ಮಳೆಯು ಯಾವ ಖಾತೆಯಲ್ಲಿಯೂ ಪ್ರತ್ಯೇಕವಾಗಿ ಕಾಣದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಸ್ಥಾಪಿಸಿರುವುದು ನಿಜ. ಆದರೆ ನಮ್ಮ ಕಡೆಯ ಮಳೆ ಒಂದು ಓಣಿಗೆ ಬಿದ್ದು ಇನ್ನೊಂದನ್ನು ಬಿಡುತ್ತದೆ. ಆದುದರಿಂದಲೇ ತಂತಿರಹಿತ ಗೃಹ ಮಾಪಕದ ಉಪಯುಕ್ತತೆ.

ನಾನು ಮೊದಲು ಹೊರ ಸಂವೇದಕವನ್ನು ತಗಡಿನ ಛಾವಣಿಗೆ ತಾಗಿಸಿ ಕಟ್ಟಿಸಿದೆ. ಅದು ತೋರಿಸಿದ್ದು ಊರಿನ ಉಷ್ಣತೆಯನ್ನಲ್ಲ, ತಗಡಿನ ಉಷ್ಣತೆಯನ್ನು! ಉಷ್ಣತಾ ಸಂವೇದಕವು ನೆಲದಿಂದ 1.25ರಿಂದ 2 ಮೀಟರ್ ಎತ್ತರದಲ್ಲಿ, ಗಾಳಿಯಾಡುವ ಬಿಳಿ ಕವಚದೊಳಗೆ ಇರತಕ್ಕದ್ದು. ಮಳೆಮಾಪಕಕ್ಕೆ ಗೋಡೆ, ಮರಗಳ ಮರೆ ಸಲ್ಲದು. ಹುನಗುಂದ, ಇಳಕಲ್ಲಿನ ಗ್ರಾನೈಟ್ ಧೂಳು ಅದರ ಆಲಿಕೆಯನ್ನು ಮುಚ್ಚದಂತೆ ಆಗಾಗ ತೊಳೆಯಬೇಕು. ಪೆಟ್ಟಿಗೆಯ ಮೇಲೆ ನಮೂದಿಸಿದ ದೂರವು ಬಯಲಿನ ಲೆಕ್ಕ. ಬಾದಾಮಿಯ ದಪ್ಪ ಕಲ್ಲುಗೋಡೆಗಳಲ್ಲಿ ರೇಡಿಯೊ ತರಂಗ ಬಹಳ ಕುಗ್ಗುತ್ತದೆ. ಒಳಗಿನ ಪರದೆಯನ್ನು ಕಿಟಕಿಯ ಬಳಿ ಇರಿಸುವುದು ಲೇಸು.

ಉದ್ಯಮಕ್ಕಾಗಿ ಕೊಳ್ಳುವುದಾದರೆ ಬಿಲ್ಲು ಸಂಸ್ಥೆಯ ಹೆಸರಿನಲ್ಲಿರಲಿ, ರೂ. 10,000 ಮೀರಿದರೆ ನಗದು ಕೊಡದಿರಿ, ಸವಕಳಿಯ ರಿಯಾಯಿತಿ ತಪ್ಪೀತು. ಮಳೆಹಾನಿಯ ವಿಮಾ ಕೋರಿಕೆಗೆ ಮಾತ್ರ ಮನೆಯ ಅಂಕಿಯನ್ನೇ ನೆಚ್ಚದೆ, ಸಮೀಪದ ಅಧಿಕೃತ ಕೇಂದ್ರದ ಅಂಕಿಯನ್ನೂ ಅಂದೇ ತೆಗೆದಿಡತಕ್ಕದ್ದು.