ಆಮೆಯಾಟವೂ ಗಣಕಯಂತ್ರದ ಶಿಕ್ಷಣವೂ

ಎಳೆಯ ಮಕ್ಕಳಿಗೆ ಗಣಕಯಂತ್ರದ ವಿದ್ಯೆಯನ್ನು ಆಟದಿಂದಲೇ ಕಲಿಸಬಹುದೆಂಬುದಕ್ಕೆ ‘ಲೋಗೋ’ ಎಂಬ ಆಜ್ಞಾಭಾಷೆಯು ಉತ್ತಮ ನಿದರ್ಶನವಾಗಿದೆ. ಇದನ್ನು ೧೯೬೭ರಲ್ಲಿ ಅಮೆರಿಕಾದ ಕೇಂಬ್ರಿಜ್ ನಗರದಲ್ಲಿ ಸೀಮೋರ್ ಪ್ಯಾಪರ್ಟ್, ವಾಲೀ ಫ್ಯೂರ್ಜೈಗ್, ಸಿಂಥಿಯಾ ಸಾಲೊಮನ್ ಮೊದಲಾದವರು ನಿರ್ಮಿಸಿದರು. ‘ಆಮೆ’ಯು ಅನಂತರ ಇದಕ್ಕೆ ಸೇರಿತು.

‘ಮುಂದೆ ೧೦೦’ ಎಂದರೆ ತೆರೆಯ ಮೇಲಿನ ಆಮೆಯು ಗೆರೆಯೆಳೆಯುತ್ತ ಅಷ್ಟು ಹೆಜ್ಜೆ ನಡೆಯುವುದು. ‘ಬಲಕ್ಕೆ ೯೦’ ಎಂದರೆ ನಿಂತಲ್ಲಿಯೇ ಅಷ್ಟು ಡಿಗ್ರಿ ತಿರುಗುವುದು. ಇವೆರಡನ್ನೂ ನಾಲ್ಕಾವೃತ್ತಿ ಹೇಳಿದರೆ ಚೌಕವಾಗುವುದು. ದಾರಿ ತೋರದಾಗ ಮಗುವು ತಾನೇ ಆಮೆಯಾಗಿ ನೆಲದ ಮೇಲೆ ನಡೆದು ನೋಡಬಹುದು.

ಸಮಬಾಹು ತ್ರಿಕೋಣವನ್ನು ಬರೆಯಹೊರಟ ಮಗುವು ಒಳಕೋನವನ್ನೆಣಿಸಿ ‘ಬಲಕ್ಕೆ ೬೦’ ಎನ್ನುವುದು ಸಹಜ. ಆದರೆ ಆಮೆಯು ತಿರುಗಬೇಕಾದುದು ಹೊರಕೋನದಷ್ಟು. ಆದಕಾರಣ ಮೂರು ಗೆರೆಗಳು ಕೂಡದೆ ಷಟ್ಕೋಣದ ಅರ್ಧವು ಮೂಡುವುದು. ೧೨೦ ಎಂದಾಗಲೇ ತ್ರಿಕೋಣವು ಮುಚ್ಚುವುದು. ಇಲ್ಲಿ ತಪ್ಪಿಗೆ ದಂಡನೆಯಿಲ್ಲ. ಯಾವ ಆಜ್ಞೆಯಲ್ಲಿ ದೋಷವುಂಟೆಂಬ ಪರೀಕ್ಷೆಯಿದೆ.

ಚೌಕವನ್ನು ಬರೆಯುವ ಆಜ್ಞೆಗಳಿಗೆಲ್ಲ ‘ಚೌಕ’ವೆಂದು ಹೆಸರಿಟ್ಟರೆ ಮುಂದೆ ಆ ಹೆಸರೊಂದೇ ಸಾಕು. ಪಾಣಿನಿಯು ಆ, ಐ, ಔಗಳಿಗೆ ‘ವೃದ್ಧಿ’ಯೆಂಬ ಸಂಜ್ಞೆಯನ್ನು ವಿಧಿಸಿ, ಬಳಿಕ ಲಾಘವಕ್ಕಾಗಿ ಅದನ್ನೇ ಬಳಸಿದ ಕ್ರಮವನ್ನು ಇದು ನೆನಪಿಗೆ ತರುವುದು.

ಐದರಿಂದ ಏಳು ವರ್ಷದವರಿಗಾಗಿ ೨೦೧೪ರಲ್ಲಿ ಬಂದ ‘ಸ್ಕ್ರ್ಯಾಚ್ ಜೂನಿಯರ್’ನಲ್ಲಿ ಬರೆಯುವ ಶ್ರಮವೂ ಇಲ್ಲ, ಚಿತ್ರವುಳ್ಳ ತುಂಡುಗಳನ್ನು ಸಾಲಾಗಿ ಜೋಡಿಸಿದರಾಯಿತು.

ಸಾಧನವು ಯಾವುದಾದರೂ ಉಪಾಧ್ಯಾಯನ ಸಂಯಮವೇ ಮುಖ್ಯ. ೧೨೦ ಎಂಬುದನ್ನು ಅವನು ಮೊದಲೇ ಹೇಳಿಬಿಟ್ಟರೆ ಚಿತ್ರವು ಬೇಗ ಮುಗಿಯುವುದು. ವಿದ್ಯೆಯು ಮಾತ್ರ ಮಗುವಿನದಾಗದು.