ಅಗ್ಗದ ಪ್ರೊಸೆಸರ್‌ಗೆ ಹೆಚ್ಚಿನ ವೇಗ: ಓವರ್‌ಕ್ಲಾಕಿಂಗ್‌ನಷ್ಟೇ ಮುಖ್ಯ ಸ್ಥಿರತೆಯ ಪರೀಕ್ಷೆ

ಬೇಗಾರು: ಹೊಸ ಕಂಪ್ಯೂಟರ್‌ಗೆ ಹಣ ಹೊಂದಿಸಲಾಗದ ವಿದ್ಯಾರ್ಥಿಗಳು, ಸಣ್ಣ ಅಂಗಡಿಕಾರರು, ತೋಟದ ಲೆಕ್ಕಪತ್ರವನ್ನು ಮನೆಯಲ್ಲೇ ಬರೆದಿಡುವ ಅಡಿಕೆ ಬೆಳೆಗಾರರು ಇರುವ ಯಂತ್ರದಿಂದಲೇ ಇನ್ನಷ್ಟು ಕೆಲಸ ತೆಗೆಯುವ ದಾರಿ ಹುಡುಕುವುದು ಸಹಜ. ಅಂತಹ ದಾರಿಗಳಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿರುವುದು 'ಓವರ್‌ಕ್ಲಾಕಿಂಗ್'. ಹೊಸ ಬಿಡಿಭಾಗ ಕೊಳ್ಳದೆ, ಕೆಲವು ಸೆಟ್ಟಿಂಗ್‌ಗಳನ್ನು ಬದಲಿಸಿ ಪ್ರೊಸೆಸರ್‌ನ ವೇಗ ಹೆಚ್ಚಿಸುವ ವಿಧಾನವಿದು. ಆದರೆ ವೇಗ ಹೆಚ್ಚಿಸಿದ ಮೇಲೆ ಕಂಪ್ಯೂಟರ್ ಚಾಲೂ ಆಯಿತೆಂದ ಮಾತ್ರಕ್ಕೆ ಅದು ಮಾಡುವ ಲೆಕ್ಕವೆಲ್ಲ ಸರಿ ಎಂದು ಭಾವಿಸುವಂತಿಲ್ಲ. ತಯಾರಕರು ನಿಗದಿಪಡಿಸಿದ ವೇಗವನ್ನು ದಾಟಿದವರು ತಯಾರಕರು ಮಾಡಬೇಕಾದ ಪರೀಕ್ಷೆಯನ್ನೂ ತಾವೇ ಮಾಡಬೇಕಾಗುತ್ತದೆ.

ಏನಿದು ಓವರ್‌ಕ್ಲಾಕಿಂಗ್?

ಪ್ರೊಸೆಸರ್‌ನ ಪ್ರತಿಯೊಂದು ಕೆಲಸವೂ ಒಂದು ತಾಳಕ್ಕೆ ಅನುಗುಣವಾಗಿ ನಡೆಯುತ್ತದೆ. ಈ ತಾಳವೇ ಕ್ಲಾಕ್. 3.5 ಗಿಗಾಹರ್ಟ್ಸ್ ವೇಗದ ಪ್ರೊಸೆಸರ್‌ನಲ್ಲಿ ಸೆಕೆಂಡಿಗೆ 350 ಕೋಟಿ ಬಾರಿ ಈ ತಾಳ ಬೀಳುತ್ತದೆ. ಯಕ್ಷಗಾನದಲ್ಲಿ ಭಾಗವತರು ಲಯವನ್ನು ಏರಿಸಿದಂತೆಲ್ಲ ವೇಷಧಾರಿಯು ಮುಂದಿನ ತಾಳ ಬೀಳುವುದರೊಳಗೆ ಹೆಜ್ಜೆಯನ್ನು ಮುಗಿಸಲೇಬೇಕಾಗುತ್ತದೆ. ಅಂತೆಯೇ ಚಿಪ್‌ನೊಳಗಿನ ವಿದ್ಯುತ್ ಸಂಕೇತವೂ ಮುಂದಿನ ತಾಳಕ್ಕೆ ಮೊದಲು ತನ್ನ ಸ್ಥಾನವನ್ನು ತಲುಪಿರಬೇಕು. ತಲುಪದಿದ್ದಲ್ಲಿ 1 ಇರಬೇಕಾದ ಕಡೆ 0 ದಾಖಲಾಗುತ್ತದೆ. ಅದು ಯಾವ ಲೆಕ್ಕದ ಯಾವ ಅಂಕಿ ಎಂಬುದನ್ನು ಮುಂಚಿತವಾಗಿ ಹೇಳಲಾಗದು.

ಪ್ರೊಸೆಸರ್‌ನ ವೇಗವೆಂದರೆ ಮೂಲ ಕ್ಲಾಕ್ ಮತ್ತು ಗುಣಕ, ಅಂದರೆ ಮಲ್ಟಿಪ್ಲೈಯರ್, ಇವೆರಡರ ಗುಣಲಬ್ಧ. ಮೂಲ ಕ್ಲಾಕ್ 100 ಮೆಗಾಹರ್ಟ್ಸ್, ಗುಣಕ 35 ಇದ್ದರೆ ವೇಗ 3.5 ಗಿಗಾಹರ್ಟ್ಸ್. ಇವೆರಡರಲ್ಲಿ ಒಂದನ್ನು ಏರಿಸುವುದೇ ಓವರ್‌ಕ್ಲಾಕಿಂಗ್.

ಅಗ್ಗದ ಚಿಪ್‌ಗಳಲ್ಲೇ ಏಕೆ?

ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸುವಂತೆ ಒಂದೇ ಸಿಲಿಕಾನ್ ಬಿಲ್ಲೆಯಿಂದ ಬಂದ ಚಿಪ್‌ಗಳನ್ನೂ ಪರೀಕ್ಷಿಸಿ ದರ್ಜೆ ನೀಡಲಾಗುತ್ತದೆ. ಬೇಸಿಗೆಯ ಸೆಖೆ, ಏರುಪೇರಿನ ವಿದ್ಯುತ್, ವರ್ಷಗಳ ಬಳಕೆ ಎಲ್ಲವನ್ನೂ ತಾಳಿಕೊಳ್ಳಲಿ ಎಂದು ತಯಾರಕರು ವೇಗವನ್ನು ಸ್ವಲ್ಪ ತಗ್ಗಿಸಿಯೇ ನಮೂದಿಸುತ್ತಾರೆ. ಕಡಿಮೆ ಬೆಲೆಯ ಮಾದರಿಗಳಿಗೆ ಬೇಡಿಕೆ ಹೆಚ್ಚಿದಾಗ ಉತ್ತಮ ಚಿಪ್‌ಗಳೂ ಕೆಳದರ್ಜೆಯ ಹೆಸರಿನಲ್ಲಿ ಮಾರಾಟವಾಗುವುದುಂಟು. ಓವರ್‌ಕ್ಲಾಕಿಂಗ್ ಮಾಡುವವರು ಬಳಸಿಕೊಳ್ಳುವುದು ಈ ಅಂತರವನ್ನೇ.

ಇದಕ್ಕೆ ಪ್ರಸಿದ್ಧ ನಿದರ್ಶನ 1998ರ ಆಗಸ್ಟ್‌ನಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ. ಇದರ ಮೂಲ ಕ್ಲಾಕ್ 66 ಮೆಗಾಹರ್ಟ್ಸ್, ಗುಣಕ 4.5. ಮದರ್‌ಬೋರ್ಡ್‌ನಲ್ಲಿ ಮೂಲ ಕ್ಲಾಕನ್ನು 100ಕ್ಕೆ ಏರಿಸಿದರೆ ವೇಗ 300ರಿಂದ 450 ಮೆಗಾಹರ್ಟ್ಸ್‌ಗೆ ಜಿಗಿಯುತ್ತಿತ್ತು. ಅಂದು ಹಲವು ಪಟ್ಟು ದುಬಾರಿಯಾಗಿದ್ದ ಪೆಂಟಿಯಂ 2 ಪ್ರೊಸೆಸರ್‌ಗೆ ಇದು ಸಾಟಿಯಾಗಿ ನಿಂತಿತು. 2011ರಲ್ಲಿ ಇಂಟೆಲ್‌ನ 'ಸ್ಯಾಂಡಿ ಬ್ರಿಜ್' ಪೀಳಿಗೆ ಬಂದ ಮೇಲೆ ಈ ದಾರಿ ಬಹುತೇಕ ಮುಚ್ಚಿತು. ಮೂಲ ಕ್ಲಾಕನ್ನು ಯಂತ್ರದ ಇತರ ಭಾಗಗಳಿಗೂ ಜೋಡಿಸಿದ್ದರಿಂದ ಅದನ್ನು ಹೆಚ್ಚು ಏರಿಸುವಂತಿರಲಿಲ್ಲ. ಗುಣಕವನ್ನು ಬದಲಿಸುವ ಅವಕಾಶ ಮುಖ್ಯವಾಗಿ 'ಕೆ' ಅಕ್ಷರದ ದುಬಾರಿ ಮಾದರಿಗಳಿಗೆ ಸೀಮಿತವಾಯಿತು. 2014ರಲ್ಲಿ ಪೆಂಟಿಯಂ ಹೆಸರಿಗೆ ಇಪ್ಪತ್ತು ವರ್ಷ ತುಂಬಿದ ನೆನಪಿಗೆ ಬಂದ ಪೆಂಟಿಯಂ ಜಿ3258 ಇದಕ್ಕೊಂದು ಅಪವಾದ.

ಅಗ್ಗದ ಚಿಪ್‌ಗಳಲ್ಲಿ ಈಚಿನ ಉತ್ತಮ ಉದಾಹರಣೆ 2019ರ ನವೆಂಬರ್‌ನಲ್ಲಿ 49 ಡಾಲರ್ ಬೆಲೆಗೆ ಬಿಡುಗಡೆಯಾದ ಎ.ಎಂ.ಡಿ. ಅಥ್ಲಾನ್ 3000ಜಿ. ಎರಡು ಕೋರ್, 3.5 ಗಿಗಾಹರ್ಟ್ಸ್ ವೇಗ, 35 ವ್ಯಾಟ್ ಸಾಮರ್ಥ್ಯದ ಈ ಚಿಪ್‌ನ ಗುಣಕಕ್ಕೆ ಬೀಗವಿಲ್ಲ. ಆದರೆ ಮದರ್‌ಬೋರ್ಡ್ ಕೂಡ ಒಪ್ಪಬೇಕು. ಬಿ450 ಚಿಪ್‌ಸೆಟ್‌ನ ಬೋರ್ಡ್‌ಗಳು ಅವಕಾಶ ಕೊಡುತ್ತವೆ, ಎ320 ಕೊಡುವುದಿಲ್ಲ. ಕಚೇರಿಗಳಿಂದ ಹೊರಬಿದ್ದು ಮರುಮಾರಾಟಕ್ಕೆ ಬರುವ ಬ್ರಾಂಡೆಡ್ ಡೆಸ್ಕ್‌ಟಾಪ್‌ಗಳಲ್ಲಿ ಹಾಗೂ ಸಾಮಾನ್ಯ ಲ್ಯಾಪ್‌ಟಾಪ್‌ಗಳಲ್ಲಿ ಇಂತಹ ಸೆಟ್ಟಿಂಗ್‌ಗಳು ಹೆಚ್ಚಾಗಿ ಇರುವುದೇ ಇಲ್ಲ. ಯಂತ್ರ ಕೊಳ್ಳುವ ಮುನ್ನವೇ ಇದನ್ನು ಕೇಳಿ ತಿಳಿದುಕೊಳ್ಳುವುದು ಒಳಿತು.

ವೇಗಕ್ಕೆ ತೆರಬೇಕಾದ ಬೆಲೆ

ಒಂದು ಮಿತಿಯ ನಂತರ ಗುಣಕವನ್ನು ಏರಿಸಿದರಷ್ಟೇ ಸಾಲದು, ಸಂಕೇತಗಳು ಬೇಗ ತಲುಪುವಂತೆ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ತೊಡಕು ಇರುವುದು ಇಲ್ಲಿಯೇ. ಚಿಪ್ ಕೆಲಸ ಮಾಡುವಾಗ ಬಳಸುವ ವಿದ್ಯುತ್ತು ವೇಗಕ್ಕೆ ಅನುಗುಣವಾಗಿ ಏರಿದರೆ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ಉದಾಹರಣೆಗೆ, ವೇಗವನ್ನು 3.5ರಿಂದ 3.9 ಗಿಗಾಹರ್ಟ್ಸ್‌ಗೂ ವೋಲ್ಟೇಜನ್ನು 1.20ರಿಂದ 1.35ಕ್ಕೂ ಏರಿಸಿದೆವು ಎಂದುಕೊಳ್ಳೋಣ. ವೇಗದಲ್ಲಿ ಹೆಚ್ಚಳ ಶೇ. 11. ಉಷ್ಣದಲ್ಲಿ ಹೆಚ್ಚಳ ಸುಮಾರು ಶೇ. 41. ಒಂದು ಗಂಟೆ ಹಿಡಿಯುತ್ತಿದ್ದ ಕೆಲಸ ಪೂರ್ತಿಯಾಗಿ ಪ್ರೊಸೆಸರನ್ನೇ ಅವಲಂಬಿಸಿದ್ದರೂ 54 ನಿಮಿಷಕ್ಕಿಂತ ಮೊದಲು ಮುಗಿಯದು.

ಹೆಚ್ಚಿನ ವೋಲ್ಟೇಜ್ ಚಿಪ್ಪನ್ನು ಕಾಲಕ್ರಮೇಣ ಸವೆಸುತ್ತದೆ ಎಂಬುದಕ್ಕೆ ಈಚಿನ ಸಾಕ್ಷಿಯಿದೆ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅಸ್ಥಿರವಾದಾಗ, ಚಿಪ್‌ಗೆ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಹೋಗುತ್ತಿದ್ದುದು ಮುಖ್ಯ ಕಾರಣವೆಂದು ಸಂಸ್ಥೆಯೇ 2024ರಲ್ಲಿ ಹೇಳಿತು. ತಿದ್ದುಪಡಿಯ ಜೊತೆಗೆ ಎರಡು ವರ್ಷ ಹೆಚ್ಚುವರಿ ವಾರಂಟಿಯನ್ನೂ ನೀಡಿತು. ಆದರೆ ಬಳಕೆದಾರರು ತಾವಾಗಿ ಮಾಡಿದ ಓವರ್‌ಕ್ಲಾಕಿಂಗ್‌ನಿಂದ ಚಿಪ್ ಹಾಳಾದರೆ ಸಾಮಾನ್ಯವಾಗಿ ವಾರಂಟಿ ಅನ್ವಯಿಸುವುದಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಹಂತ ಹಂತವಾಗಿ

ಮೊದಲು ಮುಖ್ಯ ಕಡತಗಳನ್ನು ಬೇರೊಂದು ಡಿಸ್ಕ್‌ಗೆ ನಕಲು ಮಾಡಿಟ್ಟುಕೊಳ್ಳಬೇಕು. ಏನನ್ನೂ ಬದಲಿಸುವ ಮುನ್ನ, ಇರುವ ಸ್ಥಿತಿಯಲ್ಲೇ ಪ್ರೊಸೆಸರ್‌ನ ವೇಗ, ವೋಲ್ಟೇಜ್ ಹಾಗೂ ಪೂರ್ಣ ಹೊರೆಯಲ್ಲಿನ ಉಷ್ಣಾಂಶವನ್ನು ಬರೆದಿಡಬೇಕು. ಇದಕ್ಕೆ ಸಿ.ಪಿ.ಯು.-ಝಡ್, ಎಚ್.ಡಬ್ಲ್ಯು. ಮಾನಿಟರ್ ಎಂಬ ಉಚಿತ ತಂತ್ರಾಂಶಗಳಿವೆ. ಈ ಹಂತದಲ್ಲೇ ಉಷ್ಣಾಂಶ ಅತಿಯಾಗಿದ್ದರೆ ಫ್ಯಾನಿನ ಧೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಬೇಕು. ಬಿಸಿಯಿಂದಾಗಿ ತಾನಾಗಿ ವೇಗ ತಗ್ಗಿಸಿಕೊಂಡಿದ್ದ ಹಳೆಯ ಯಂತ್ರ ಇಷ್ಟರಿಂದಲೇ ಚುರುಕಾಗುವುದುಂಟು.

ಬಳಿಕ ಬಯಾಸ್ ಪರದೆಗೆ ಹೋಗಿ ಗುಣಕವನ್ನು ಒಮ್ಮೆಗೆ ಒಂದರಷ್ಟು, ಅಂದರೆ 100 ಮೆಗಾಹರ್ಟ್ಸ್‌ನಷ್ಟು ಮಾತ್ರ ಏರಿಸಬೇಕು. ಪ್ರತಿ ಹಂತದಲ್ಲೂ ಅರ್ಧ ಗಂಟೆ ಪರೀಕ್ಷಿಸಬೇಕು. ದೋಷ ಕಂಡಲ್ಲಿ ವೋಲ್ಟೇಜನ್ನು 0.025ರಷ್ಟು ಏರಿಸಿ ನೋಡಬಹುದು ಅಥವಾ ಒಂದು ಮೆಟ್ಟಿಲು ಕೆಳಗಿಳಿಯಬಹುದು. ವೇಗ, ವೋಲ್ಟೇಜ್, ಮೆಮೊರಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ದೋಷ ಎಲ್ಲಿಂದ ಬಂತೆಂಬುದು ತಿಳಿಯದು. ಯಂತ್ರ ಚಾಲೂ ಆಗದಿದ್ದರೆ ಗಾಬರಿ ಬೇಡ. ವಿದ್ಯುತ್ ಸಂಪರ್ಕ ತೆಗೆದು, ಮದರ್‌ಬೋರ್ಡ್‌ನ 'ಕ್ಲಿಯರ್ ಸಿಮಾಸ್' ಜಂಪರ್ ಬಳಸಿದರೆ ಅಥವಾ ನಾಣ್ಯದಾಕಾರದ ಬ್ಯಾಟರಿಯನ್ನು ಕೆಲ ನಿಮಿಷ ಹೊರತೆಗೆದರೆ ಸೆಟ್ಟಿಂಗ್‌ಗಳು ಸಾಮಾನ್ಯವಾಗಿ ಮೊದಲಿನ ಸ್ಥಿತಿಗೆ ಮರಳುತ್ತವೆ.

ಸ್ಥಿರತೆ ಅಳೆಯುವುದು ಹೇಗೆ?

ಅತಿ ಹೆಚ್ಚು ಬಳಕೆಯಲ್ಲಿರುವ ಸಾಧನ ಪ್ರೈಮ್95. ಬೃಹತ್ ಅವಿಭಾಜ್ಯ ಸಂಖ್ಯೆಗಳ ಹುಡುಕಾಟಕ್ಕೆಂದು 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಆರಂಭಿಸಿದ ಯೋಜನೆಯ ತಂತ್ರಾಂಶವಿದು. ವಾರಗಟ್ಟಲೆ ನಡೆಯುವ ಆ ಲೆಕ್ಕದಲ್ಲಿ ಒಂದು ಅಂಕಿ ತಪ್ಪಿದರೂ ಶ್ರಮವೆಲ್ಲ ವ್ಯರ್ಥವಾದ್ದರಿಂದ, ಯಂತ್ರವನ್ನು ಮೊದಲೇ ಒರೆಗೆ ಹಚ್ಚಲು 'ಟಾರ್ಚರ್ ಟೆಸ್ಟ್' ಸೇರಿಸಲಾಗಿದೆ. ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಪ್ರೊಸೆಸರ್‌ಗೆ ಕೊಟ್ಟು, ಬಂದ ಉತ್ತರವನ್ನು ಅದರೊಂದಿಗೆ ತಾಳೆ ನೋಡುವುದು ಇದರ ಕ್ರಮ. 'ಸ್ಮಾಲ್ ಎಫ್.ಎಫ್.ಟಿ.' ಆಯ್ಕೆಯು ಪ್ರೊಸೆಸರನ್ನು ಗರಿಷ್ಠ ಬಿಸಿಗೆ ಒಡ್ಡಿದರೆ, 'ಬ್ಲೆಂಡ್' ಆಯ್ಕೆಯು ಮೆಮೊರಿಯನ್ನೂ ಒಳಗೊಳ್ಳುತ್ತದೆ. ಅಂತಿಮವಾಗಿ ಆರಿಸಿದ ವೇಗದಲ್ಲಿ ಎಂಟರಿಂದ ಹನ್ನೆರಡು ಗಂಟೆ ಓಡಿಸುವುದು ವಾಡಿಕೆ. ಪರದೆಯಲ್ಲಿ ಒಂದೇ ಒಂದು ದೋಷ ಕಾಣಿಸಿಕೊಂಡರೂ ಆ ವೇಗ ಅನುತ್ತೀರ್ಣ. ಇಲ್ಲಿ ಶೇ. 35ಕ್ಕೆ ಪಾಸು ಮಾಡುವ ಪದ್ಧತಿಯಿಲ್ಲ.

ಮೆಮೊರಿಗೆ ಪ್ರತ್ಯೇಕವಾಗಿ ಮೆಮ್‌ಟೆಸ್ಟ್86 ಇದೆ. ಪೆನ್‌ಡ್ರೈವ್‌ನಿಂದ ನೇರವಾಗಿ ಚಾಲೂ ಆಗುವ ಇದು ಮೆಮೊರಿಯ ಪ್ರತಿ ಕೋಶದಲ್ಲೂ ಬರೆದು, ಓದಿ ನೋಡುತ್ತದೆ. ಪರೀಕ್ಷೆಯ ನಂತರ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು 'ಡಬ್ಲ್ಯು.ಎಚ್.ಇ.ಎ. ಲಾಗರ್' ಹೆಸರಿನ ದಾಖಲೆಗಳಿವೆಯೇ ಎಂದು ಹುಡುಕುವುದು ಅಗತ್ಯ. ಯಂತ್ರ ಸದ್ದಿಲ್ಲದೆ ಸರಿಪಡಿಸಿಕೊಂಡ ತಪ್ಪುಗಳೂ ಅಲ್ಲಿ ದಾಖಲಾಗಿರುತ್ತವೆ.

ಪರದೆ ನೀಲಿಯಾಗಿ ಕಂಪ್ಯೂಟರ್ ನಿಂತುಹೋದರೆ ಕನಿಷ್ಠ ತಿಳಿಯುತ್ತದೆ. ಅಪಾಯವಿರುವುದು ನಿಲ್ಲದೆ ತಪ್ಪು ಬರೆಯುವ ಯಂತ್ರದಲ್ಲಿ. ವರ್ಷದ ಲೆಕ್ಕದ ಕಡತ, ಮಗಳ ಪ್ರಾಜೆಕ್ಟ್ ವರದಿ, ಮದುವೆಯ ಚಿತ್ರಗಳು ಡಿಸ್ಕ್‌ಗೆ ಹೋಗುವಾಗಲೇ ಕೆಟ್ಟು, ಬ್ಯಾಕಪ್‌ನಲ್ಲೂ ಕೆಟ್ಟ ಪ್ರತಿಯೇ ಉಳಿದು, ತಿಂಗಳುಗಳ ನಂತರ ತೆರೆಯಲು ಹೋದಾಗ ಗೊತ್ತಾಗಬಹುದು. ಮೈಕ್ರೋಸಾಫ್ಟ್‌ನ ಸಂಶೋಧಕರು ಸುಮಾರು ಹತ್ತು ಲಕ್ಷ ಕಂಪ್ಯೂಟರ್‌ಗಳ ಕುಸಿತದ ದಾಖಲೆಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವು, ಅಲ್ಪ ಪ್ರಮಾಣದ ಓವರ್‌ಕ್ಲಾಕಿಂಗ್ ಕೂಡ ವಿಶ್ವಾಸಾರ್ಹತೆಯನ್ನು ಗಣನೀಯವಾಗಿ ತಗ್ಗಿಸುತ್ತದೆ, ವೇಗವನ್ನು ಸ್ವಲ್ಪ ಇಳಿಸಿದರೆ ಅದು ಹೆಚ್ಚುತ್ತದೆ ಎಂದು ತಿಳಿಸಿದೆ.

ಮಲೆನಾಡಿನಲ್ಲಿ ಗಮನಿಸಬೇಕಾದದ್ದು

ಕೂಲರ್ ಚಿಪ್ಪನ್ನು ಕೋಣೆಯ ಗಾಳಿಗಿಂತ ತಂಪಾಗಿಸಲಾರದು. ಆಗುಂಬೆ ಘಟ್ಟಕ್ಕೆ ಸಮೀಪವಿರುವ ಬೇಗಾರಿನಂತಹ ಊರಿನಲ್ಲಿ ಜುಲೈ ರಾತ್ರಿ, ಕೋಣೆಯ ಉಷ್ಣಾಂಶ 21 ಡಿಗ್ರಿ ಇರುವಾಗ ಪರೀಕ್ಷೆ ಮಾಡಿ 78 ಡಿಗ್ರಿ ಕಂಡಿತೆನ್ನೋಣ. ಅದೇ ಯಂತ್ರ ಏಪ್ರಿಲ್ ಮಧ್ಯಾಹ್ನ 33 ಡಿಗ್ರಿಯ ಕೋಣೆಯಲ್ಲಿ 90ರ ಸುಮಾರಿಗೆ ಮುಟ್ಟುತ್ತದೆ. ಅಥ್ಲಾನ್ 3000ಜಿಗೆ ನಿಗದಿಯಾದ ಗರಿಷ್ಠ ಮಿತಿ 95 ಡಿಗ್ರಿ. ಆದ್ದರಿಂದ ಮಳೆಗಾಲದಲ್ಲಿ ಉತ್ತೀರ್ಣವಾದ ವೇಗವನ್ನು ಬೇಸಿಗೆಯಲ್ಲಿ ಮತ್ತೊಮ್ಮೆ ಪರೀಕ್ಷಿಸಬೇಕು. ಉತ್ತೀರ್ಣವಾದ ವೇಗಕ್ಕಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲುವುದು ಇನ್ನೂ ಲೇಸು.

ಎರಡನೆಯದು ವಿದ್ಯುತ್ತು. ಗಾಳಿ ಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ, ಬಂದರೂ ವೋಲ್ಟೇಜ್ ಏರಿಳಿಯುವ ಊರುಗಳಲ್ಲಿ ಯು.ಪಿ.ಎಸ್. ಇಲ್ಲದೆ ಹೀಗೆ ಪರೀಕ್ಷೆ ನಡೆಸುವುದು ವಿವೇಕವಲ್ಲ. ಕ್ಯಾಬಿನೆಟ್‌ನೊಂದಿಗೆ ಉಚಿತವಾಗಿ ಬಂದ ಕಳಪೆ ಎಸ್.ಎಂ.ಪಿ.ಎಸ್. ಮೇಲೆ ಹೆಚ್ಚುವರಿ ಹೊರೆ ಹಾಕುವುದೂ ಸಲ್ಲದು. ಇನ್‌ವರ್ಟರ್‌ನಲ್ಲೇ ದಿನದ ಕೆಲಸ ಸಾಗಿಸುವವರಿಗೆ ಹೆಚ್ಚಿನ ವ್ಯಾಟ್ ಎಂದರೆ ಕಡಿಮೆ ಹೊತ್ತಿನ ಬ್ಯಾಕಪ್. ಅಂಥವರು ವೇಗವನ್ನು ಹಾಗೆಯೇ ಬಿಟ್ಟು ವೋಲ್ಟೇಜನ್ನು ಸ್ವಲ್ಪ ಇಳಿಸುವ 'ಅಂಡರ್‌ವೋಲ್ಟಿಂಗ್' ಪ್ರಯತ್ನಿಸಬಹುದು. ಅದಕ್ಕೂ ಇದೇ ಸ್ಥಿರತೆಯ ಪರೀಕ್ಷೆ ಬೇಕು.

ಯಾರಿಗೆ ಲಾಭ?

ಹಾರ್ಡ್‌ಡಿಸ್ಕ್ ಇರುವ ಹಳೆಯ ಯಂತ್ರಕ್ಕೆ ಎಸ್.ಎಸ್.ಡಿ. ಹಾಕಿಸಿದರೆ ದಿನನಿತ್ಯದ ಬಳಕೆಯಲ್ಲಿ ಕಾಣುವ ವ್ಯತ್ಯಾಸವನ್ನು ಶೇ. 11ರ ಓವರ್‌ಕ್ಲಾಕಿಂಗ್ ತರಲಾರದು. ಅಥ್ಲಾನ್‌ನಂತಹ ಚಿಪ್‌ನಲ್ಲಿ ಗ್ರಾಫಿಕ್ಸ್ ಕೂಡ ಮುಖ್ಯ ಮೆಮೊರಿಯನ್ನೇ ಬಳಸುವುದರಿಂದ, ಒಂದೇ ರ‍್ಯಾಮ್ ಇರುವ ಕಡೆ ಅದಕ್ಕೆ ಜೋಡಿಯಾಗಿ ಇನ್ನೊಂದನ್ನು ಹಾಕಿಸಿದರೆ ಆಟಗಳಿಗೆ ಹೆಚ್ಚು ಪ್ರಯೋಜನ. ಇವೆರಡೂ ಆದ ಮೇಲೆ, ವೀಡಿಯೋ ಸಂಕಲನದಂತಹ ಪ್ರೊಸೆಸರನ್ನೇ ನೆಚ್ಚಿದ ಕೆಲಸವಿದ್ದರೆ ಅಥವಾ ಕಲಿಯುವ ಆಸಕ್ತಿಯಿದ್ದರೆ ಓವರ್‌ಕ್ಲಾಕಿಂಗ್‌ಗೆ ಕೈಹಾಕಬಹುದು.

ಇಂಟೆಲ್‌ನ ಆರು ಕೋರ್‌ಗಳ ಕ್ಸಿಯಾನ್ 7400 ಪ್ರೊಸೆಸರ್ 2008ರಲ್ಲಿ ವಿನ್ಯಾಸಗೊಂಡು ಹೊರಬಂದದ್ದು ಬೆಂಗಳೂರಿನಿಂದ. ಎ.ಎಂ.ಡಿ. ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರ್‌ನಲ್ಲಿ ತೆರೆದದ್ದೂ ಅಲ್ಲಿಯೇ. ಚಿಪ್ ವಿನ್ಯಾಸದ ಕೆಲಸದಲ್ಲಿ ದೊಡ್ಡ ಪಾಲು ಪರಿಶೀಲನೆಗೆ ಮೀಸಲು. ಮನೆಯ ಮೇಜಿನ ಮೇಲೆ ಗುಣಕವನ್ನು ಒಂದರಷ್ಟು ಏರಿಸುವವರು ಆ ಪರಿಶೀಲನೆಯ ಒಂದು ಚಿಕ್ಕ ಪಾಲನ್ನು ಹೊತ್ತುಕೊಳ್ಳುತ್ತಾರೆ. ಒಂದು ಪೂರ್ತಿ ರಾತ್ರಿ ದೋಷವಿಲ್ಲದೆ ಕಳೆಯುವವರೆಗೆ, ಲೆಕ್ಕದ ಕಡತವನ್ನು ಆ ಯಂತ್ರದಲ್ಲಿ ತೆರೆಯದಿರುವುದೇ ಕ್ಷೇಮ.