ಎಲ್ಲ ಪುಟಗಳಿಗೂ ಸಲ್ಲುವ ಮಾಹಿತಿ

ಜಾಲತಾಣವೊಂದರ ಯಾವ ಪುಟವನ್ನು ತೆರೆದರೂ ಮೇಲ್ಭಾಗದಲ್ಲಿ ಸಂಸ್ಥೆಯ ಹೆಸರು, ವಿಭಾಗಗಳ ಪಟ್ಟಿ, ಒಳಬಂದ ಸದಸ್ಯರ ಹೆಸರು ಇವು ತಪ್ಪದೆ ಕಾಣಿಸುತ್ತವೆ. ನೋಡುವವರಿಗೆ ಇದು ಸಹಜವೆನಿಸೀತು. ಆದರೆ ಇಂಥ ತಾಣಗಳಲ್ಲಿ ಪುಟವು ಮೊದಲೇ ಸಿದ್ಧವಾಗಿರುವುದಿಲ್ಲ. ಕೇಳಿದ ಕ್ಷಣದಲ್ಲಿ ಹೊಸದಾಗಿ ರಚಿತವಾಗುತ್ತದೆ. ಹಾಗಿರುವಾಗ ಎಲ್ಲೆಡೆಯೂ ಒಂದೇ ಆಗಿರುವ ಈ ಮಾಹಿತಿಯನ್ನು ಒದಗಿಸುವವರಾರು?

ಅಮೆರಿಕದ ಕ್ಯಾನ್ಸಸ್ ಪ್ರಾಂತ್ಯದ ಲಾರೆನ್ಸ್ ನಗರದಲ್ಲಿ, ದಿನಪತ್ರಿಕೆಯೊಂದರ ಕಚೇರಿಯಲ್ಲಿ ರೂಪುಗೊಂಡು 2005ರಲ್ಲಿ ಸಾರ್ವಜನಿಕರ ಕೈಸೇರಿದ 'ಜಾಂಗೊ' ಎಂಬ ತಂತ್ರಾಂಶದ ಚೌಕಟ್ಟನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇದರಲ್ಲಿ ಬೇಡಿಕೆಗೆ ತಕ್ಕ ಮಾಹಿತಿಯನ್ನು ಕೂಡಿಸುವ ಭಾಗಕ್ಕೆ 'ವ್ಯೂ' ಎಂದೂ, ಅದನ್ನು ತುಂಬುವ ಅಚ್ಚಿಗೆ 'ಟೆಂಪ್ಲೇಟ್' ಎಂದೂ ಹೆಸರು. ನೂರು ವ್ಯೂಗಳಿದ್ದಲ್ಲಿ ವಿಭಾಗಗಳ ಪಟ್ಟಿಯನ್ನು ನೂರು ಕಡೆಯೂ ಬರೆಯಬೇಕಾದೀತು. ಒಂದೆಡೆ ಮರೆತರೆ ಜಾಂಗೊ ದೂರುವುದಿಲ್ಲ. ಆ ಸ್ಥಳವನ್ನು ಸುಮ್ಮನೆ ಬರಿದಾಗಿ ಬಿಡುತ್ತದೆ. ತಪ್ಪು ಕಣ್ಣಿಗೆ ಬೀಳುವುದು ತಡವಾಗಿಯೇ.

ಇದಕ್ಕೆ ಪರಿಹಾರವೇ 'ಕಾಂಟೆಕ್ಸ್ಟ್ ಪ್ರೊಸೆಸರ್'. ಹೆಸರು ಭಾರವಾದರೂ ಕೆಲಸ ಸರಳ. ಬಂದ ಬೇಡಿಕೆಯನ್ನು ನೋಡಿ, ಹೆಸರು ಹಾಗೂ ಮೌಲ್ಯಗಳ ಒಂದು ಪಟ್ಟಿಯನ್ನು ಹಿಂದಿರುಗಿಸುವ ಚಿಕ್ಕ ಕ್ರಮವಿಧಿಯದು. ತಾಣದ ವ್ಯವಸ್ಥಾ ಕಡತದಲ್ಲಿ ಅದನ್ನು ಒಮ್ಮೆ ನಮೂದಿಸಿದರೆ ಸಾಕು, ಆ ಪಟ್ಟಿಯು ಪ್ರತಿಯೊಂದು ಅಚ್ಚಿಗೂ ತಾನಾಗಿಯೇ ದೊರೆಯುತ್ತದೆ. ಆದರೆ ಅದು ಪ್ರತಿ ಪುಟಕ್ಕೂ ನಡೆಯುವಂಥದ್ದಾದುದರಿಂದ, ಅದರೊಳಗೆ ದತ್ತಸಂಚಯದಿಂದ ಲೆಕ್ಕ ತೆಗೆಯುವ ಕೆಲಸವನ್ನಿಟ್ಟರೆ ಬೇಕಿಲ್ಲದ ಪುಟಗಳೂ ಆ ಹೊರೆಯನ್ನು ಹೊರಬೇಕಾಗುತ್ತದೆ.

ಈ ಹೊರೆಯನ್ನು ತಗ್ಗಿಸಲು, ಒಮ್ಮೆ ಸಿದ್ಧವಾದ ತಲೆಭಾಗವನ್ನು ಕೆಲಕಾಲ ಕಾದಿರಿಸಿ ಮುಂದಿನವರಿಗೂ ಅದನ್ನೇ ಕೊಡುವುದುಂಟು. ಎಚ್ಚರ ಬೇಕಾದುದು ಇಲ್ಲಿಯೇ. ವಿಭಾಗಗಳ ಪಟ್ಟಿ ಎಲ್ಲ ಪುಟಗಳಿಗೂ ಎಲ್ಲ ಜನರಿಗೂ ಸಮಾನವಾದುದು. ಸದಸ್ಯರ ಹೆಸರಾದರೋ ಎಲ್ಲ ಪುಟಗಳಿಗೆ ಸಮಾನವಾದರೂ ಒಬ್ಬರಿಗೆ ಮಾತ್ರ ಸೇರಿದುದು. ಇವೆರಡನ್ನೂ ಒಂದೇ ಎಂದೆಣಿಸಿ ಒಟ್ಟಿಗೆ ಕಾದಿರಿಸಿದರೆ, ಮೊದಲು ಬಂದವರ ಹೆಸರು ಅನಂತರ ಬಂದವರ ಪುಟದ ಮೇಲೆ ಕಾಣಿಸುತ್ತದೆ. ಹೆಸರಿನ ಸ್ಥಳದಲ್ಲಿ ವಿದ್ಯಾರ್ಥಿಯ ಅಂಕಗಳೋ ರೋಗಿಯ ವಿವರಗಳೋ ಇದ್ದಲ್ಲಿ ಅದು ಕೇವಲ ಪ್ರಮಾದವಲ್ಲ, ದ್ರೋಹವೇ ಸರಿ. ತಾಣವನ್ನು ರಚಿಸಿದವನು ತನ್ನೊಬ್ಬನ ಹೆಸರಿನಿಂದಲೇ ಪರೀಕ್ಷಿಸುತ್ತಿರುವಾಗ ಈ ದೋಷ ಹೊರಬೀಳುವುದೂ ಇಲ್ಲ. ಜಾಂಗೊವಿನಲ್ಲಿ ಕಾದಿರಿಸುವ ಭಾಗಕ್ಕೆ ಸದಸ್ಯರ ಗುರುತನ್ನೂ ಸೇರಿಸಲು ಅವಕಾಶವಿದೆ. ಆಗ ಒಬ್ಬೊಬ್ಬರಿಗೂ ಬೇರೆ ಬೇರೆ ಪ್ರತಿ ಉಳಿಯುತ್ತದೆ.